ನನ್ನಿಂದಲೇ ಹತ್ತಿದ್ದು

ನನ್ನ ತಂಗಿಯನ್ನು ಚಿಕ್ಕಂದಿನಿಂದಲೂ ಎಲ್ಲರೂ ಕರೆಯುವುದು ಚೊಕ್ಕಿ ಎಂದೇ. ಕೈಗೆ ಚೂರು ಮಸಿ ತಗುಲಿದರೆ ಬೀದಿಯವರೆಲ್ಲ ಓಡಿಬರುವಂತೆ ಅಳುತ್ತಿದ್ದಳು. ನಾನು ಕಚ್ಚಿದ ಹಣ್ಣನ್ನು ಸತ್ತರೂ ಮುಟ್ಟುತ್ತಿರಲಿಲ್ಲ. ಅಂಥ ಚೊಕ್ಕಿ ಒಂದು ಮಧ್ಯಾಹ್ನ ನಾನು ಕೆಲಸ ಮಾಡುವ ಲಾಂಡ್ರಿಯ ಹಿಂಬಾಗಿಲಿಗೆ ಬಂದು, ಒಂದು ಪ್ಲಾಸ್ಟಿಕ್ ಚೀಲವನ್ನು ತುದಿಬೆರಳಲ್ಲಿ ಹಿಡಿದು ನನ್ನ ಕಡೆಗೆ ಚಾಚಿದಳು.

“ಅಕ್ಕ, ಇದನ್ನ ಒಗೆದು ಕೊಡ್ತೀಯಾ? ಮನೇಲಿ ಆಗಲ್ಲ.”

“ಯಾಕೆ, ನಿನ್ನ ಮಷೀನಿಗೆ ಏನು ರೋಗ ಬಂತು?”

“ಮೆಲ್ಲಗೆ ಮಾತಾಡೇ, ನಿನ್ನ ದಮ್ಮಯ್ಯ.”

ಚೀಲದಲ್ಲಿದ್ದದ್ದು ಒಂದು ಬೆಡ್‌ಶೀಟು, ಎರಡು ಒಳಬಟ್ಟೆ. ರಕ್ತ. ಹೋಟೆಲುಗಳ ಬೆಡ್‌ಶೀಟು, ಟವೆಲ್ಲು, ದಿಂಬಿನ ಕವರುಗಳನ್ನು ದಿನವೂ ಗುಡ್ಡೆ ಹಾಕಿಕೊಂಡು ಇಸ್ತ್ರಿ ಮಾಡುವವಳು ನಾನು. ಜನ ಹಾಸಿಗೆಯ ಮೇಲೆ ಏನೇನು ಬಿಟ್ಟುಹೋಗುತ್ತಾರೆ ಎನ್ನುವುದನ್ನು ನೋಡಿ ನೋಡಿ ಅಸಹ್ಯವೆನ್ನುವುದು ಯಾವತ್ತೋ ಸತ್ತುಹೋಗಿದೆ. ಆದರೆ ಇದು ಚೊಕ್ಕಿಯದು. 

“ತಿಂಗಳದ್ದಾ?”

“ಅಲ್ಲ.” ಅವಳು ಆ ಕಡೆ ಈ ಕಡೆ ನೋಡಿದಳು. “ಅವರ ಜೊತೆ ಮಲಗಿದ ಮೇಲೆ ಬರುತ್ತೆ. ಒಂದೊಂದ್ಸಲ ಸುಮ್ಮಸುಮ್ಮನೇನೂ ಬರುತ್ತೆ. ಅತ್ತೆ ನೋಡಿದ್ರೆ ನೂರು ಕೇಳ್ತಾರೆ.”

“ಡಾಕ್ಟರಿಗೆ ತೋರಿಸಿದ್ಯಾ?”

“ನೀನೊಬ್ಬಳು. ಒಗೆದು ಕೊಡು ಅಂದ್ರೆ ಒಗೆದು ಕೊಡು.”

ಒಗೆದು ಕೊಟ್ಟೆ. ತಣ್ಣೀರಲ್ಲಿ ನೆನೆಸಿ, ಕೈಯಲ್ಲೇ ತಿಕ್ಕಿ, ಇಸ್ತ್ರಿ ಮಾಡಿ, ಹೊಸದರ ಹಾಗೆ ಮಡಿಸಿ ಕೊಟ್ಟೆ. ಹೊಟ್ಟೆ ಮಾತ್ರ ಚುರುಚುರು ಉರಿಯುತ್ತಿತ್ತು. ಯಾಕೆಂದರೆ ನನ್ನ ಒಂದು ಕರ್ಚೀಫು ಕೂಡ ಅವಳ ಮನೆಯ ಮಷೀನಿಗೆ ಬೀಳುವ ಹಾಗಿರಲಿಲ್ಲ. ಒಮ್ಮೆ ಅವಳ ಮನೆಗೆ ಹೋಗುವಾಗ ಮಳೆಯಲ್ಲಿ ತೊಯ್ದು ತೊಪ್ಪೆಯಾಗಿದ್ದೆ. ಬಿಚ್ಚಿಟ್ಟ ಬಟ್ಟೆಯನ್ನು ಹಿಂಡದೆ, ಹರವದೆ, ಹಾಗೇ ಚೀಲದಲ್ಲಿ ಗಂಟು ಕಟ್ಟಿ ಕೈಗೆ ಕೊಟ್ಟಿದ್ದಳು. ನನ್ನ ಬಟ್ಟೆ ಅವಳ ನೀರಿಗೆ ಬೀಳಬಾರದು, ಅವಳ ರಕ್ತ ಮಾತ್ರ ನನ್ನ ಉಗುರಿನ ಸಂದಿಗೆ ಬರಬಹುದು. ಎಂಥ ನ್ಯಾಯ ನೋಡಿ!

ನನಗೆ ಎಚ್‌ಐವಿ ಇದೆ. ಗಂಡ ಸಾಯುವಾಗ ಬಿಟ್ಟುಹೋದ ಆಸ್ತಿ ಅದೊಂದೇ, ಪಾಲು ಕೇಳಲು ಯಾರೂ ಬರಲಿಲ್ಲ. ದಿನಕ್ಕೊಂದು ಮಾತ್ರೆ ನುಂಗಿಕೊಂಡು ನಿಮ್ಮೆಲ್ಲರಿಗಿಂತ ಗಟ್ಟಿಯಾಗಿದ್ದೇನೆ. ವಿಷಯ ಗೊತ್ತಿದ್ದದ್ದು ಚೊಕ್ಕಿಗೆ ಮಾತ್ರ. ಮಾತ್ರೆಗೊಂದು ಹೆಸರು ಬೇಕಲ್ಲ ಎಂದು, ಗಂಡನ ಮನೆಯಲ್ಲಿ ಅವಳು “ಅಕ್ಕನಿಗೆ ಸಕ್ಕರೆ ಕಾಯಿಲೆ” ಎಂದು ಹೇಳಿಟ್ಟಿದ್ದಳು. ಹಾಗಾಗಿ ಪ್ರತಿ ಭಾನುವಾರ ಆ ಮನೆಯಲ್ಲಿ ನನಗೆ ಸಕ್ಕರೆ ಹಾಕದ ಚಹಾ. ಸಿಹಿ ಎಂದರೆ ಪ್ರಾಣ ಬಿಡುವವಳು ನಾನು. ಎಲ್ಲರೂ ಕೇಕು ತಿನ್ನುವಾಗ ನನ್ನ ಮುಂದೆ ಸೌತೆಕಾಯಿ ಹೆಚ್ಚಿಡುತ್ತಿದ್ದರು, ಮೇಲೆ “ಪಾಪ” ಬೇರೆ.

ಆದರೂ ಹೋಗುತ್ತಿದ್ದೆ. ಚೊಕ್ಕಿಯ ಮಗಳಿಗಾಗಿ ಹೋಗುತ್ತಿದ್ದೆ. ನನ್ನನ್ನು ದೊಡ್ಡಮ್ಮ ಎಂದು ಕರೆಯುವ ಜೀವ ಈ ಭೂಮಿಯ ಮೇಲೆ ಅದೊಂದೇ. ವಾರವೆಲ್ಲ ಸಿಕ್ಕುಗಟ್ಟಿದ ತಲೆಯನ್ನು ಭಾನುವಾರ ನನ್ನ ಮಡಿಲಿಗೆ ಒಡ್ಡಿ ಕೂತರೆ ಶಾಲೆಯ ಪುರಾಣವೆಲ್ಲ ಹೇಳಿ ಮುಗಿಸುವ ತನಕ ಏಳುತ್ತಿರಲಿಲ್ಲ. ಚೊಕ್ಕಿ ಅಡುಗೆಮನೆಯ ಬಾಗಿಲಲ್ಲಿ ನಿಂತು ನನ್ನ ಬೆರಳನ್ನೇ ನೋಡುತ್ತಿದ್ದಳು. ಬೇಡ ಎನ್ನುವ ಹಾಗಿಲ್ಲ, ಅಂದರೆ ಅತ್ತೆ ಯಾಕೆ ಎಂದು ಕೇಳುತ್ತಾರೆ. ಸಕ್ಕರೆ ಕಾಯಿಲೆಯ ಸುಳ್ಳಿನಿಂದ ನನಗಾದ ಲಾಭ ಅದೊಂದೇ.

ಚೀಲಗಳು ಬರುತ್ತಲೇ ಇದ್ದವು. ಪ್ರತಿ ಸಲವೂ ನಾನು ಡಾಕ್ಟರು ಎನ್ನುವುದು, ಅವಳು ಮೂಗು ಮುರಿಯುವುದು.

“ಎಲ್ಲಿಗೆ ಹೋಗ್ಲಿ ಹೇಳು? ನಮ್ಮ ಡಾಕ್ಟರ ಹತ್ರ ಹೋದ್ರೆ ಅತ್ತೆ ಜೊತೆಗೇ ಬರ್ತಾರೆ. ಗಂಡನ ಜೊತೆ ಮಲಗಿದ್ರೆ ರಕ್ತ ಬರುತ್ತೆ ಅಂತ ಅವರೆದುರಿಗೆ ಹೇಳ್ಲಾ?”

“ದೊಡ್ಡಾಸ್ಪತ್ರೆಗೆ ಬಾ. ನಾನಿರ್ತೀನಿ.”

“ನಿಮ್ಮ ಆ ಕಾರಿಡಾರಿಗಾ? ಪಂಪಿನ ಅಂಗಡಿಗೆ ಅರ್ಧ ಊರೇ ಬರುತ್ತೆ ಅಕ್ಕ. ಅಲ್ಲಿ ಯಾರಾದ್ರೂ ನನ್ನ ನೋಡಿದ್ರೆ ಇವರ ಮುಖ ಏನಾಗ್ಬೇಕು?”

ಇವರು ಎಂದರೆ ಅವಳ ಗಂಡ, ನೀರಿನ ಪಂಪು ಮಾರುವ ಅಂಗಡಿಯವನು. ಕಾರಿಡಾರೆಂದರೆ ನಾವು ಮಾತ್ರೆಗಾಗಿ ನಿಲ್ಲುವ ಜಾಗ. ಹೆಂಗಸರ ಗರ್ಭಕೋಶದ ಬಾಯಿಯನ್ನು ಪರೀಕ್ಷಿಸುವ ಕೋಣೆಯೂ ಅದೇ ಕಾರಿಡಾರಿನ ಕೊನೆಯಲ್ಲಿದೆ. ಯಾವ ಪುಣ್ಯಾತ್ಮ ಹಾಗೆ ಕಟ್ಟಿಸಿದನೋ. ಎಲ್ಲ ಹೆಂಗಸರಿಗೂ ತೆರೆದಿರುವ ಕೋಣೆ ಅದು, ಆದರೆ ನಮ್ಮ ಸಾಲನ್ನು ಹಾದೇ ಹೋಗಬೇಕು. ಹಾಗಾಗಿ ನಮ್ಮನ್ನು ಬಿಟ್ಟು ಅಲ್ಲಿಗೆ ನರಪಿಳ್ಳೆ ಬರುವುದಿಲ್ಲ.

ಆ ಕೋಣೆಯ ನರ್ಸಿಗೆ ನಾವೆಲ್ಲ ಇಟ್ಟ ಹೆಸರು ಗುಡುಗಮ್ಮ. ಪಿಸುಗುಟ್ಟಿದರೂ ಹೊರಗಿನ ಬೆಂಚಿಗೆ ಕೇಳುವ ಗಂಟಲು. ನನ್ನ ಪರೀಕ್ಷೆಯ ದಿನ ಹೋದಾಗ ಒಂದು ಪುಟ್ಟ ಬ್ರಷ್ಷು, ಮುಚ್ಚಳದ ಟ್ಯೂಬು ಕೈಗಿಟ್ಟರು. ಅದನ್ನು ನಾವೇ ಒಳಗೆ ಹಾಕಿ, ತಿರುಗಿಸಿ, ಟ್ಯೂಬಿಗೆ ಸೇರಿಸಿ ಕೊಡಬೇಕು. ಅದರಲ್ಲಿ ಎಚ್‌ಪಿವಿ ಎನ್ನುವ ವೈರಸ್ಸು ಇದೆಯೋ ಇಲ್ಲವೋ ನೋಡುತ್ತಾರೆ. ಹಿಂದೊಮ್ಮೆ ನನ್ನಲ್ಲೂ ಸಿಕ್ಕಿತ್ತು. ಮಂಚದ ಮೇಲೆ ಮಲಗಿಸಿ ಬಿಸಿ ಸಲಾಕೆಯಂಥದ್ದನ್ನು ಆ ಜಾಗಕ್ಕೆ ಚುರುಕ್ ಎಂದು ಮುಟ್ಟಿಸಿದ್ದರು. ಮಾರನೆಯ ದಿನ ಇಸ್ತ್ರಿಗೆ ಹೋಗಿದ್ದೆ.

“ಸಿಸ್ಟರ್, ಇದು ನಮಗೆ ಮಾತ್ರ ಬರೋದಾ?” ಎಂದು ಕೇಳಿದೆ.

“ಯಾವಳು ಹಾಗಂದಿದ್ದು? ಇದು ಹೆಚ್ಚುಕಡಿಮೆ ಎಲ್ಲರಿಗೂ ಬರುತ್ತೆ ಕಣೇ. ಗಂಡು ಹೆಣ್ಣು ಕೂಡಿದ ಮೇಲೆ ಯಾವತ್ತೋ ಒಂದಿನ ಬಂದೇ ಇರುತ್ತೆ. ಬಹಳ ಜನಕ್ಕೆ ಮೈಯೇ ಅದನ್ನ ಓಡಿಸಿಬಿಡುತ್ತೆ. ಕೆಲವರಲ್ಲಿ ಮಾತ್ರ ಠಿಕಾಣಿ ಹೂಡಿ, ವರ್ಷಗಟ್ಟಲೆ ಕೂತು, ಕೊನೆಗೆ ಕ್ಯಾನ್ಸರ್ ಮಾಡುತ್ತೆ. ನಿಮ್ಮ ಮೈಗೆ ಕಾವಲು ಕಡಿಮೆ, ಅದಕ್ಕೇ ನಿಮ್ಮಲ್ಲಿ ಉಳ್ಕೊಳ್ಳೋದು ಜಾಸ್ತಿ. ಅದಕ್ಕೇ ನಿಮ್ಮನ್ನ ಕಿವಿ ಹಿಂಡಿ ಕರೆಸ್ತೀವಿ.”

“ಎಚ್‌ಐವಿ ಇಲ್ಲದವರಿಗೆ?”

“ಅವರೂ ಮಾಡಿಸ್ಕೋಬೇಕು. ಯಾರು ಬರ್ತಾರೆ? ಈ ಕಾರಿಡಾರಿಗೆ ಕಾಲಿಟ್ರೆ ಮರ್ಯಾದೆ ಕರಗಿಹೋಗುತ್ತಂತೆ. ಹೋಗು, ಬಾತ್‌ರೂಮು ಖಾಲಿ ಇದೆ.”

“ಇವತ್ತಾಗಲ್ಲ ಸಿಸ್ಟರ್. ಮನೇಲಿ ತಗೊಂಡು ನಾಳೆ ತರ್ತೀನಿ.”

ಹಾಗೆ ತರುವವರೂ ಇದ್ದಾರೆ, ಅವರು ಬೇಡ ಎನ್ನಲಿಲ್ಲ. ನಾನು ಟ್ಯೂಬನ್ನು ಬ್ಯಾಗಿಗೆ ಹಾಕಿಕೊಂಡು ನೇರ ಚೊಕ್ಕಿಯ ಮನೆಗೆ ಹೋದೆ. ಆಸ್ಪತ್ರೆಯ ಪುಸ್ತಕದಲ್ಲಿ ನನ್ನ ಹೆಸರು ಹೇಗೂ ಹಾಳಾಗಿದೆ, ಇನ್ನೊಂದು ಮಸಿ ಅದರ ಮೇಲೆ ಬಿದ್ದರೆ ಯಾರಿಗೂ ಕಾಣುವುದಿಲ್ಲ ಎಂದುಕೊಂಡೆ.

ಚೊಕ್ಕಿ ಮೊದಲು ಹೌಹಾರಿದಳು. “ಹೆಸರು ನಂದೇ ಇರುತ್ತೆ ಕಣೇ, ನಿನ್ನ ಸುದ್ದಿ ಯಾರಿಗೂ ಗೊತ್ತಾಗಲ್ಲ” ಎಂದಮೇಲೆ ಟ್ಯೂಬನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಬಾತ್‌ರೂಮಿಗೆ ನುಗ್ಗಿದಳು. ನಾನು ಬಾಗಿಲಿಗೆ ಬಾಯಿಟ್ಟು, ಹಾಗಲ್ಲ ಹೀಗೆ, ಇನ್ನೂ ಸ್ವಲ್ಪ, ತಿರುಗಿಸು ಎಂದು ಹೇಳಿಕೊಡುತ್ತಿದ್ದೆ. ಒಳಗಿಂದ “ಅಯ್ಯೋ, ಥೂ, ಇದೆಂಥ ಕರ್ಮ” ಎನ್ನುವ ದನಿ. ನಗು ತಡೆಯಲಾರದೆ ಗೋಡೆಗೆ ಒರಗಿದೆ. ಅಷ್ಟರಲ್ಲಿ ಹಾಲಿನಿಂದ ಅವಳ ಅತ್ತೆ ಕೂಗಿದರು:

“ಏನೇ ಚೊಕ್ಕಿ, ಒಳಗೇ ಮನೆ ಕಟ್ಕೊಂಡ್ಯಾ? ಅಕ್ಕ ಬಂದಿದಾಳೆ, ಚಹಾ ಕೊಡು. ಸಕ್ಕರೆ ಹಾಕ್ಬೇಡ!”

ಒಳಗೆ ಚೊಕ್ಕಿಯೂ ನಕ್ಕಳು. ನಾವಿಬ್ಬರೂ ಹಾಗೆ ಒಟ್ಟಿಗೆ ನಕ್ಕು ಯಾವ ಕಾಲವಾಗಿತ್ತೋ.

ಮಾರನೆಯ ದಿನ ಟ್ಯೂಬನ್ನು ನನ್ನದೆಂದೇ ಕೊಟ್ಟು ಬಂದೆ. ಕೆಲವು ವಾರಗಳ ಮೇಲೆ ಗುಡುಗಮ್ಮ ನನಗೆ ಹೇಳಿಕಳಿಸಿದರು. ಟ್ಯೂಬಿನಲ್ಲಿ ವೈರಸ್ಸು ಇದೆ, ಅದರಲ್ಲೂ ಕೆಟ್ಟ ಬಗೆಯದು. ಡಾಕ್ಟರು ನನ್ನನ್ನು ಮಂಚ ಹತ್ತಿಸಿ, ವಿನೆಗರಿನ ವಾಸನೆಯ ನೀರು ಹಚ್ಚಿ, ದೀಪ ಬಿಟ್ಟು ನೋಡಿದರು. ಏನೂ ಇಲ್ಲ, ಕನ್ನಡಿಯ ಹಾಗಿದೆ ಎಂದರು. ನಾನು ಮಂಚ ಇಳಿದು ಇದ್ದದ್ದು ಇದ್ದ ಹಾಗೆ ಒಪ್ಪಿಸಿದೆ.

ಗುಡುಗಮ್ಮ ಅವತ್ತು ಗುಡುಗಲಿಲ್ಲ, ಅದಕ್ಕೇ ನನಗೆ ಹೆದರಿಕೆಯಾಯಿತು. “ಕೂಡಿದಾಗ ರಕ್ತ ಬರುತ್ತೆ ಅಂದ್ಯಲ್ಲ?” ಎಂದು ಮತ್ತೊಮ್ಮೆ ಕೇಳಿದರು. “ಟ್ಯೂಬಿನ ಆಟ ಆಡಿದ್ದಕ್ಕೆ ಆಮೇಲೆ ಉಗೀತೀನಿ. ಮೊದಲು ಅವಳನ್ನ ಎಳ್ಕೊಂಡು ಬಾ. ತಡ ಮಾಡಿದ್ರೆ ಕೈ ಮೀರುತ್ತೆ.”

ಚೊಕ್ಕಿ ಕೇಳಿಸಿಕೊಂಡಳು. ಕೇಳಿಸಿಕೊಂಡು ಎದ್ದುಹೋಗಿ ಕೈ ತೊಳೆದು ಬಂದಳು. ಬಂದು ಹೇಳಿದಳು:

“ಟ್ಯೂಬ್ ನಿಂದು, ಹೆಸರು ನಿಂದು. ಕಾಯಿಲೆ ಮಾತ್ರ ನಂದು ಹೇಗಾಗುತ್ತೆ?”

“ನೀನೇ ಅಲ್ವೇನೇ ಒಳಗೆ ಹಾಕ್ಕೊಂಡಿದ್ದು?”

“ಅದನ್ನ ನಿನ್ನ ಬ್ಯಾಗಲ್ಲಿ ಇಟ್ಕೊಂಡು ಬಂದಿದ್ದೆ. ನೀನು ಮುಟ್ಟಿದ್ದೆ. ಮಗು ಹುಟ್ಟೋವಾಗ ನನ್ನ ರಕ್ತ ಪರೀಕ್ಷೆ ಆಗಿದೆ ಅಕ್ಕ, ನಂದು ಕ್ಲೀನು.”

“ಅದು ಬೇರೆ, ಇದು ಬೇರೆ ಕಣೇ! ರಕ್ತದಲ್ಲಿ ಅದಿಲ್ಲದಿದ್ರೂ ಇದು ಬರುತ್ತೆ.”

 ಅವಳ ಕಣ್ಣು ನನ್ನ ಕೈಯ ಮೇಲೆ ಬಂದು ನಿಂತಿತು.

“ಬಂದಿದ್ರೆ ನಿನ್ನಿಂದಲೇ ಬಂದಿರಬೇಕು. ನನ್ನ ಬಟ್ಟೆ ಎಲ್ಲ ಒಗೀತೀಯಲ್ಲ. ನನ್ನ ಬುದ್ಧಿಗೆ ಇಷ್ಟು ಬೆಂಕಿ ಬೀಳ. ಇನ್ಮೇಲೆ ಕೊಡಲ್ಲ, ಬಿಸಿನೀರಲ್ಲಿ ನಾನೇ ಒಗೀತೀನಿ. ತಾನಾಗೇ ಸರಿಹೋಗುತ್ತೆ.”

ಕಪಾಳಕ್ಕೆ ಹೊಡೆದಿದ್ದರೆ ಅಷ್ಟು ನೋಯುತ್ತಿರಲಿಲ್ಲ. ಅವಳ ಹೊಲಸನ್ನು ತಿಕ್ಕಿದ ಕೈಗೆ ಸಿಕ್ಕ ಮಾತು ಅದು. ಆಸ್ಪತ್ರೆಗೆ ಹೋಗಿ, ನಾಚಿಕೆ ಬಿಟ್ಟು, ಬಟ್ಟೆ ಒಗೆದದ್ದರಿಂದ ಹತ್ತುತ್ತದಾ ಎಂದು ಗುಡುಗಮ್ಮನನ್ನು ಕೇಳಿಯೂ ಕೇಳಿದೆ. “ಬಟ್ಟೆಯಿಂದ ಇದೂ ಬರಲ್ಲ, ಅದೂ ಬರಲ್ಲ. ಇಷ್ಟು ವರ್ಷದಿಂದ ನಾನು ಗೋಡೆಗೆ ಹೇಳ್ತಿದ್ನಾ?” ಎಂದು ಬೈಸಿಕೊಂಡು ಬಂದೆ. ಅರೆಗಳಿಗೆಯಾದರೂ ನನ್ನ ಕೈಯನ್ನು ನಾನೇ ಅನುಮಾನಿಸುವ ಹಾಗೆ ಮಾಡಿದ್ದಳಲ್ಲ, ಆ ಸಿಟ್ಟು ಬಹಳ ದಿನ ಇಳಿಯಲಿಲ್ಲ.

ಚೀಲ ಬರುವುದು ನಿಂತಿತು. ಫೋನು ಎತ್ತುವುದೂ ನಿಂತಿತು. ನಾನೂ, ಹಾಳಾಗಿ ಹೋಗಲಿ ಎಂದು, ಒಂದಷ್ಟು ಭಾನುವಾರ ಆ ಕಡೆ ತಲೆ ಹಾಕಲಿಲ್ಲ. ಕೊನೆಗೆ ಹುಡುಗಿಯೇ ಅಪ್ಪನ ಫೋನಿನಿಂದ “ದೊಡ್ಡಮ್ಮ, ಯಾಕೆ ಬರ್ತಿಲ್ಲ? ಅಮ್ಮ ಯಾವಾಗಲೂ ಮಲಗೇ ಇರ್ತಾಳೆ” ಎಂದಾಗ ತಡೆಯಲಾಗಲಿಲ್ಲ.

ಹೋದರೆ ಚೊಕ್ಕಿ ಕುರ್ಚಿಯ ತುದಿಯಲ್ಲಿ, ಕೆಳಗೆ ಟವೆಲ್ಲು ಮಡಿಸಿ ಹಾಕಿಕೊಂಡು ಕೂತಿದ್ದಳು. ಮುಖದಲ್ಲಿ ರಕ್ತದ ಹನಿ ಇರಲಿಲ್ಲ. ಲಾವೆಂಡರ್ ಸ್ಪ್ರೇ ಮನೆಯೆಲ್ಲ ಗಮ್ಮೆನ್ನುತ್ತಿತ್ತು, ಅದರ ಅಡಿಯಲ್ಲಿ ಇನ್ನೊಂದು ವಾಸನೆಯಿತ್ತು. ಅತ್ತೆ ಸೋಫಾದ ಮೇಲೆ ಟಿವಿ ನೋಡುತ್ತಿದ್ದರು. ಗಂಡ ನೆಲಕ್ಕೆ ಪೇಪರು ಹಾಸಿಕೊಂಡು ಯಾವುದೋ ಪಂಪು ಬಿಚ್ಚುತ್ತಿದ್ದ. ಹುಡುಗಿ ನನ್ನನ್ನು ಕಂಡವಳೇ ಬಾಚಣಿಗೆ, ಕ್ಲಿಪ್ಪು ತರಲು ಒಳಗೆ ಓಡಿದಳು.

ನಾನು ಕೂರಲಿಲ್ಲ. ಮೊದಲು ನಿಜವನ್ನೇ ಹೇಳಿದೆ. ಇದನ್ನು ನೆನಪಿಟ್ಟುಕೊಳ್ಳಿ, ಮೊದಲು ನಾನು ನಿಜವನ್ನೇ ಹೇಳಿದೆ.

“ಅಮ್ಮ, ಇವಳಿಗೆ ಬಹಳ ದಿನದಿಂದ ರಕ್ತ ಹೋಗ್ತಿದೆ. ಗರ್ಭಕೋಶದ ಬಾಯಿ ತೋರಿಸ್ಬೇಕು. ಕ್ಯಾನ್ಸರ್ ಇರಬಹುದು ಅಂತಾರೆ ಆಸ್ಪತ್ರೆಯಲ್ಲಿ. ಇವತ್ತೇ ಕರ್ಕೊಂಡು ಹೋಗಿ.”

ಚೊಕ್ಕಿ ನನ್ನನ್ನು ಸುಟ್ಟುಬಿಡುವ ಹಾಗೆ ನೋಡಿದಳು. ಅತ್ತೆ ಟಿವಿಯ ಸದ್ದು ಕೊಂಚ ತಗ್ಗಿಸಿದರು.

“ಹೆಂಗಸರಿಗೆ ಇದೆಲ್ಲ ಇದ್ದದ್ದೇ ಕಣಮ್ಮ. ನಂಗೂ ನಿಲ್ಲೋ ಹೊತ್ತಿಗೆ ಹೀಗೇ ಆಗಿತ್ತು. ಸುಮ್ನೆ ಯಾಕೆ ದೊಡ್ಡ ದೊಡ್ಡ ಹೆಸರು ಹೇಳಿ ಹೆದರಿಸ್ತೀಯ?”

“ಇವಳಿಗೆ ನಿಲ್ಲೋ ವಯಸ್ಸಾ ಅಮ್ಮ?”

“ಆಯ್ತು ಅತ್ತಿಗೆ,” ಎಂದ ಗಂಡ, ಕೈಯ ಗ್ರೀಸು ಒರೆಸಿಕೊಳ್ಳುತ್ತ. ಕೆಟ್ಟವನಲ್ಲ. “ಅಂಗಡಿ ಕೆಲಸ ಸ್ವಲ್ಪ ಕಮ್ಮಿಯಾಗ್ಲಿ, ಯಾರಾದ್ರೂ ಒಳ್ಳೆ ಡಾಕ್ಟರನ್ನ ವಿಚಾರಿಸೋಣ.”

“ನಂಗೇನಾಗಿಲ್ಲ,” ಎಂದಳು ಚೊಕ್ಕಿ. “ಅಕ್ಕನಿಗೆ ಎಲ್ಲದಕ್ಕೂ ಗಾಬರಿ.”

ಟಿವಿಯ ಸದ್ದು ಮತ್ತೆ ಏರಿತು. ಅಷ್ಟೇ. ಕ್ಯಾನ್ಸರ್ ಎನ್ನುವ ಮಾತು ಆ ಮನೆಯ ಸೋಫಾದ ಒಂದು ದಿಂಬನ್ನೂ ಅಲ್ಲಾಡಿಸಲಿಲ್ಲ. ಚೊಕ್ಕಿ ಸಾಯುತ್ತಾಳೆ, ಟವೆಲ್ಲು ಮಡಿಸಿ ಮಡಿಸಿ ಹಾಕಿಕೊಂಡು ಚೊಕ್ಕವಾಗಿ ಸಾಯುತ್ತಾಳೆ ಎನ್ನುವುದು ನನಗೆ ಅಲ್ಲಿ ನಿಂತಲ್ಲೇ ಗೊತ್ತಾಯಿತು. ಈ ಜನ ಯಾವುದಕ್ಕೆ ಏಳುತ್ತಾರೆ ಎನ್ನುವುದೂ ಗೊತ್ತಾಯಿತು.

“ಅಮ್ಮ,” ಎಂದೆ, “ನಂಗಿರೋದು ಸಕ್ಕರೆ ಕಾಯಿಲೆ ಅಲ್ಲ.”

“ಅಕ್ಕಾ!” ಎಂದಳು ಚೊಕ್ಕಿ.

“ಎಚ್‌ಐವಿ. ನನ್ನ ಗಂಡನಿಂದ ಬಂದಿದ್ದು. ಇವಳ ರಕ್ತದ ಬಟ್ಟೆ ಎಲ್ಲ ಒಗೆದವಳು ನಾನೇ. ಇವಳಿಗೆ ಹತ್ತಿರೋದು ನನ್ನಿಂದಲೇ. ಬರೀ ಇವಳಿಗೇ ಹತ್ತಿದೆಯೋ, ಮನೆಯವರಿಗೆಲ್ಲ ಹತ್ತಿದೆಯೋ, ನಂಗೊತ್ತಿಲ್ಲ.”

ಸುಳ್ಳು. ಹತ್ತಿದೆ ಎಂದ ಮಾತಿನ ಒಂದೊಂದು ಅಕ್ಷರವೂ ಸುಳ್ಳು. ಆದರೆ ಎಂಥ ಕೆಲಸ ಮಾಡಿತು ಅಂತೀರಿ! ಅತ್ತೆ ಎರಡೂ ಕಾಲನ್ನು ಸೋಫಾದ ಮೇಲಕ್ಕೆ ಎತ್ತಿಕೊಂಡರು, ನೆಲಕ್ಕೆ ನೀರು ನುಗ್ಗಿದ ಹಾಗೆ. ಗಂಡನ ಕೈಯಿಂದ ಸ್ಪ್ಯಾನರು ಠಣ್ ಎಂದು ಬಿತ್ತು. ಹುಡುಗಿ ಅದೇ ಹೊತ್ತಿಗೆ ಒಳಗಿಂದ “ದೊಡ್ಡಮ್ಮ, ಕ್ಲಿಪ್ಪು ಸಿಕ್ತು” ಎನ್ನುತ್ತ ಓಡಿಬಂದಳು.

“ನಿಲ್ಲೇ! ಹತ್ರ ಹೋಗ್ಬೇಡ!” ಎಂದು ಅಜ್ಜಿ ಕಿರುಚಿದರು.

ಹುಡುಗಿ ಹಾಲಿನ ನಡುವೆ ನಿಂತುಬಿಟ್ಟಳು. ನನ್ನ ಮುಖ ನೋಡಿದಳು, ಅಜ್ಜಿಯ ಮುಖ ನೋಡಿದಳು. ನಾನು ಬಾ ಎನ್ನಲಿಲ್ಲ. 

“ಎಷ್ಟು ವರ್ಷದಿಂದ ನಮ್ಮನೇಲಿ ಚಹಾ ಕುಡೀತಿದೀಯೇ ಪಾಪಿ!” ಅತ್ತೆ ಒಂದೇ ಸಮನೆ ಕೂಗುತ್ತಿದ್ದರು. “ಏಳೋ! ಗಾಡಿ ಕರೆಯೋ! ಎಲ್ಲರನ್ನೂ ಪರೀಕ್ಷೆ ಮಾಡಿಸೋ! ಇವಳನ್ನ ಮೊದಲು ಹೊರಗೆ ಹಾಕೋ!”

ಅವನು ನನ್ನನ್ನು ಹೊರಗೆ ಹಾಕಬೇಕಾಗಿರಲಿಲ್ಲ. ನಾನಾಗಿಯೇ ಮೆಟ್ಟಿಲಿಳಿದು ಎದುರಿನ ಅಂಗಡಿಯ ಮರೆಯಲ್ಲಿ ನಿಂತೆ. ಬಾಡಿಗೆ ಕಾರು ಬಂತು. ಚೊಕ್ಕಿಯನ್ನು ಆ ಕಡೆ ಈ ಕಡೆ ಹಿಡಿದು ತಂದು ಕೂರಿಸಿದರು. ಅಂಗಡಿ ಕೆಲಸ ಕಮ್ಮಿಯಾಗುವ ತನಕ ಕಾಯಲಿಲ್ಲ.

ದೊಡ್ಡಾಸ್ಪತ್ರೆಯಲ್ಲಿ ಸಿಕ್ಕಿದ್ದು ಕ್ಯಾನ್ಸರೇ. ಆದರೆ ಇನ್ನೂ ಬೇರೆ ಕಡೆಗೆ ಹರಡಿರಲಿಲ್ಲ. ಗರ್ಭಕೋಶ ತೆಗೆದರು, ಬದುಕಿಕೊಂಡಳು. ಮನೆಯವರೆಲ್ಲ ಪರೀಕ್ಷೆಗೆ ರಕ್ತ ಕೊಟ್ಟರು, ಯಾರಿಗೂ ಎಚ್‌ಐವಿ ಇರಲಿಲ್ಲ, ಇರಲು ಸಾಧ್ಯವೂ ಇರಲಿಲ್ಲ. ಇದನ್ನೆಲ್ಲ ನನಗೆ ಹೇಳಿದ್ದು ಗುಡುಗಮ್ಮ, ಅದೂ ನನ್ನನ್ನು ಗೋಡೆಗೆ ಒತ್ತಿ ನಿಲ್ಲಿಸಿಕೊಂಡು.

“ಅಂಟಲ್ಲ, ಅಂಟಲ್ಲ ಅಂತ ನನ್ನ ಗಂಟಲು ಹರಿದುಹೋಯ್ತು. ನೀನೇ ಹೋಗಿ ಅಂಟುತ್ತೆ ಅಂದ್ಯಾ? ಈ ಸಾಲಲ್ಲಿ ನಿಂತಿರೋ ಇಷ್ಟು ಜನದ ಬಾಯಿಗೆ ಮಣ್ಣು ಹಾಕಿದ್ಯಲ್ಲೇ!”

“ನಿಜ ಹೇಳಿದೆ ಸಿಸ್ಟರ್. ಟಿವಿ ಸದ್ದು ಜಾಸ್ತಿ ಮಾಡ್ಕೊಂಡ್ರು.”

 ಅವರು ಕನ್ನಡಕ ತೆಗೆದು ಸೆರಗಿಗೆ ಒರೆಸಿಕೊಳ್ಳುತ್ತ, “ನಿನ್ನ ತಂಗಿಗೆ ಎಲ್ಲ ಬಿಡಿಸಿ ಹೇಳಿದೆ,” ಎಂದರು. “ಅಕ್ಕನಿಂದ ಬಂದಿದ್ದಲ್ಲಮ್ಮ ಅಂದೆ. ‘ನೀವು ಹಾಗೇ ಹೇಳ್ಬೇಕು, ಅದು ನಿಮ್ಮ ಕೆಲಸ’ ಅಂದ್ಲು. ಮಗಳಿಗೆ ಈ ವೈರಸ್ಸು ಬರದ ಹಾಗೆ ಇಂಜೆಕ್ಷನ್ ಹಾಕಿಸು, ಈ ವಯಸ್ಸಲ್ಲಿ ಹಾಕಿಸಿದ್ರೆ ಮುಂದೆ ಚಿಂತೆಯಿಲ್ಲ ಅಂದೆ. ‘ನಮ್ಮ ಹುಡುಗಿಗೆ ಯಾಕೆ ಅಂಥ ಇಂಜೆಕ್ಷನ್’ ಅಂತ ಮುಖ ತಿರುಗಿಸಿದ್ಲು.”

ಮಾತು ಆ ಮನೆಯಲ್ಲೇ ಉಳಿಯಲಿಲ್ಲ. ಅತ್ತೆ ಯಾರ ಕಿವಿಗೆ ಹಾಕಿದರೋ, ಲಾಂಡ್ರಿಯ ಮಾಲೀಕನಿಗೂ ತಲುಪಿತು. ಅವನು ದಯಾವಂತ, ಕೆಲಸದಿಂದ ತೆಗೆಯಲಿಲ್ಲ. ಮುಂದಿನ ಇಸ್ತ್ರಿ ಮೇಜಿನಿಂದ ಎಬ್ಬಿಸಿ ಹಿಂದಿನ ಒಗೆಯುವ ಕೋಣೆಗೆ ಹಾಕಿದ. ಕಾದ ಇಸ್ತ್ರಿ ಹಿಡಿದರೆ ಅಂಟುವುದು, ಬಕೆಟ್ಟಿಗೆ ಕೈ ಅದ್ದಿದರೆ ಅಂಟುವುದಿಲ್ಲ ಎಂದು ಆ ಮಹಾಜಾಣನ ಲೆಕ್ಕಾಚಾರ. ಜೊತೆಯವರು ಊಟಕ್ಕೆ ಬೇರೆ ಬೆಂಚು ಹುಡುಕಿಕೊಂಡರು. ಹುಡುಗಿಯಿಂದ ಫೋನು ಬರಲಿಲ್ಲ.

ಚೊಕ್ಕಿ ಬಂದದ್ದು ಬಹಳ ತಿಂಗಳಾದ ಮೇಲೆ, ಮತ್ತೆ ಅದೇ ಹಿಂಬಾಗಿಲಿಗೆ. ಮೈ ತುಂಬಿಕೊಂಡಿದ್ದಳು, ಕೆನ್ನೆಗೆ ಬಣ್ಣ ಬಂದಿತ್ತು. ಅದನ್ನು ನೋಡಿ ನನಗೆ ಎಷ್ಟು ಸಂತೋಷವಾಯಿತೆಂದರೆ ಕೈಯಲ್ಲಿದ್ದ ಬಟ್ಟೆಯನ್ನು ಅಲ್ಲೇ ಬಿಟ್ಟು ಬಾಗಿಲಿಗೆ ಓಡಿದೆ. ಅವಳು ಎರಡು ಹೆಜ್ಜೆ ಹಿಂದೆ ಸರಿದು, ಚರಂಡಿಯ ಆಚೆ ನಿಂತಳು.

“ಅಲ್ಲೇ ಇರು ಅಕ್ಕ. ಮಾತಾಡಿ ಹೋಗೋಕೆ ಬಂದೆ.”

“ಹೇಗಿದೀಯೇ?”

“ಇದೀನಿ. ನಿನ್ನ ಆ ನರ್ಸು ಇದಾಳಲ್ಲ, ಬಟ್ಟೆಯಿಂದ ಬರಲ್ಲ ಅಂತಾಳೆ. ಹಾಗಾದ್ರೆ ಎಲ್ಲಿಂದ ಬಂತು ಅಂದೆ. ಯಾವ ಕಾಲದಲ್ಲಿ ಯಾರಿಂದ ಬಂತೋ ಹೇಳೋಕಾಗಲ್ಲ, ಗಂಡನಿಂದಲೂ ಬಂದಿರಬಹುದು ಅಂತಾಳೆ. ಎಷ್ಟು ಕೊಬ್ಬು ನೋಡು! ನಮ್ಮನೆಯವರು ಅಂಥವರಾ?”

“ಅಲ್ಲ.”

“ನಾನು ಅಂಥವಳಾ?”

“ಅಲ್ಲ ಕಣೇ.”

“ಅದಕ್ಕೇ ಅಂದೆ. ನಿನ್ನಿಂದಲೇ ಅಂತ ನಮ್ಮನೇಲಿ ಎಲ್ಲರಿಗೂ ಗೊತ್ತು.” ಅವಳು ಉಸಿರೆಳೆದುಕೊಂಡಳು. “ನಾನು ನಿನ್ನ ಕ್ಷಮಿಸಿದೀನಿ ಅಕ್ಕ. ಅದನ್ನ ಹೇಳೋಕೇ ಬಂದೆ. ಬೇಕೂಂತ ಮಾಡಿದ್ದಲ್ಲ ನೀನು.”

ಕ್ಷಮೆ! ನನಗೆ ಬಂದ ಸಿಟ್ಟಿಗೆ ಒದ್ದೆ ಬೆಡ್‌ಶೀಟನ್ನು ಅವಳ ಮುಖಕ್ಕೆ ಎಸೆಯಬೇಕೆನಿಸಿತು. ನಾನು ಹೇಳಿದ ಸುಳ್ಳು ಆ ಮನೆಯಲ್ಲಿ ಎಲ್ಲರಿಗೂ ಬೇಕಾಗಿತ್ತು. ಅವನ ಮರ್ಯಾದೆಗೆ ಬೇಕಾಗಿತ್ತು, ಇವಳ ಮರ್ಯಾದೆಗೆ ಬೇಕಾಗಿತ್ತು, ಅತ್ತೆಯ ಟಿವಿಗೆ ಬೇಕಾಗಿತ್ತು. ಎಲ್ಲರೂ ಅದನ್ನು ಹೊದ್ದುಕೊಂಡು ಬೆಚ್ಚಗಿದ್ದರು.

“ದೊಡ್ಡ ಮನಸ್ಸು ನಿಂದು,” ಎಂದೆ.

“ಅಲ್ಲಾ, ಆ ನರ್ಸು ಮತ್ತೆ ಮತ್ತೆ ಬಂದು ತೋರಿಸ್ಕೋ ಅಂತಾಳೆ. ಗರ್ಭಕೋಶನೇ ತೆಗೆದಾಯ್ತು, ನಿನ್ನ ಸಹವಾಸನೂ ಇಲ್ಲ. ಇನ್ನು ಆ ಕಾರಿಡಾರಿಗೆ ಯಾಕೆ ಹೋಗ್ಬೇಕು ಹೇಳು? ಹೋಗೋದು ನಿಲ್ಲಿಸ್ತೀನಿ.”

ನಿಜ ನನ್ನ ನಾಲಿಗೆಯ ತುದಿಗೆ ಬಂದು ಕೂತಿತ್ತು. ನನ್ನಿಂದಲ್ಲ ಕಣೇ ಕತ್ತೆ, ನಿನ್ನ ಪ್ರಾಣ ಉಳಿಸೋಕೆ ಆಡಿದ ಮಾತದು, ನನ್ನ ಹುಡುಗಿಯನ್ನು ನನಗೆ ತೋರಿಸು ಎನ್ನಬೇಕು. ಅಂದರೆ ಏನಾಗುತ್ತದೆ? ನಂಬಿದರೆ ಹೆದರಿಕೆ ಹೋಗುತ್ತದೆ. ಹೆದರಿಕೆ ಹೋದರೆ ಆಸ್ಪತ್ರೆಗೆ ಹೋಗುವುದೂ ನಿಲ್ಲುತ್ತದೆ. ಗರ್ಭಕೋಶ ತೆಗೆದರೂ ಅದು ಮತ್ತೆ ಹುಟ್ಟಬಹುದು, ನೋಡುತ್ತಲೇ ಇರಬೇಕು ಎಂದು ಗುಡುಗಮ್ಮ ಹೇಳಿದ್ದು ಕಿವಿಯಲ್ಲೇ ಇತ್ತು.

“ನನ್ನಿಂದ ಹತ್ತಿದ್ದು ಅಷ್ಟು ಸುಲಭಕ್ಕೆ ಬಿಡುತ್ತಾ?” ಎಂದೆ. “ಒಳಗೇ ಅಡಗಿರುತ್ತೆ. ಕರೆದಾಗೆಲ್ಲ ಹೋಗು. ಒಂದು ಸಲವೂ ತಪ್ಪಿಸ್ಬೇಡ.”

ಅವಳ ಮುಖದ ಬಣ್ಣ ಇಳಿಯಿತು.  ಆಮೇಲೆ ಬಹಳ ಮೆಲ್ಲಗೆ ಕೇಳಿದಳು:

“ಅಕ್ಕ, ಮಗಳ ತಲೆ ನೀನೇ ಬಾಚ್ತಿದ್ದೆ. ನಿನ್ನ ಮಡಿಲಲ್ಲೇ ಬಿದ್ದಿರ್ತಿದ್ಲು. ಅವಳಿಗೂ ಹತ್ತಿರುತ್ತಾ?”

ಇಲ್ಲ ಎನ್ನಬಹುದಾಗಿತ್ತು. ಒಂದೇ ಮಾತು. ಆ ಒಂದನ್ನಾದರೂ ನನಗಾಗಿ ಉಳಿಸಿಕೊಳ್ಳಬಹುದಾಗಿತ್ತು. 

“ಹತ್ತಿರಬಹುದು,” ಎಂದೆ. “ಅದಕ್ಕೆ ಇಂಜೆಕ್ಷನ್ ಇದೆ. ಆ ನರ್ಸನ್ನೇ ಕೇಳು. ಬೇಗ ಹಾಕಿಸು.”

“ನಿನ್ನ ಕೈ ಸೇದಿಹೋಗ!” ಚೊಕ್ಕಿ ಕಿರುಚಿದ್ದಕ್ಕೆ ಒಳಗಿದ್ದವರೆಲ್ಲ ಬಾಗಿಲಿಗೆ ಬಂದರು. “ಆ ಕೂಸು ನಿಂಗೇನೇ ಮಾಡಿತ್ತು? ಗೊತ್ತಿದ್ದೂ ಗೊತ್ತಿದ್ದೂ ಮುಟ್ಟಿದ್ಯಲ್ಲೇ! ನಿನ್ನ ಮಣ್ಣಿಗೂ ಬರಲ್ಲ ನಾನು!”

ಕ್ಷಮಿಸಿದ್ದೇನೆ ಎಂದ ಬಾಯಿ ಇನ್ನೂ ಆರಿರಲಿಲ್ಲ. ಶಾಲೆ ಬಿಡುವ ತನಕವೂ ಕಾಯದೆ ಅವಳು ಬೈಯುತ್ತಲೇ ಶಾಲೆಯ ಕಡೆಗೆ ಓಡಿದಳು.

ಸಂಜೆ ಗುಡುಗಮ್ಮ ಫೋನು ಮಾಡಿದರು. ಮಗಳನ್ನು ಎಳೆದುಕೊಂಡೇ ಬಂದಿದ್ದಳಂತೆ, ನಮ್ಮ ಸಾಲನ್ನು ತಳ್ಳಿಕೊಂಡೇ ಒಳಗೆ ನುಗ್ಗಿದಳಂತೆ. ಇಂಜೆಕ್ಷನ್ ಹಾಕಿದ್ದಾಯಿತು, ಹುಡುಗಿ ಅಳಲಿಲ್ಲ, ಎಂದರು. ಹುಡುಗಿ ನನ್ನ ವಿಷಯ ಏನಾದರೂ ಕೇಳಿದಳಾ ಎಂದೆ.  ಇನ್ನು ಮೇಲೆ ದಾರಿಯಲ್ಲಿ ದೊಡ್ಡಮ್ಮ ಕಂಡರೂ ಹತ್ತಿರ ಹೋಗಬಾರದು ಎಂದು ಅಮ್ಮ ಅಲ್ಲೇ ಹೇಳಿಕೊಟ್ಟಳಂತೆ. ಹುಡುಗಿ ತೋಳಿನ ಹತ್ತಿಯನ್ನು ಒತ್ತಿ ಹಿಡಿದುಕೊಂಡು, “ಸರಿ” ಎಂದಳಂತೆ.